ಹದಿನಾಲ್ಕನೇ ಪೆಟ್ಟಿಗೆಯ ವಿವರ

ನಾನು ಯಾರನ್ನೂ ಕೊಂದಿಲ್ಲ. ವಿಚಾರಣೆಯಲ್ಲೂ ಹಾಗೆಂದೇ ತೀರ್ಮಾನವಾಯಿತು. ಪಟ್ಟಿಯಲ್ಲಿ ಒಂದಕ್ಷರದ ದೋಷವಿಲ್ಲ, ಕಂಪ್ಯೂಟರಿನ ಕರ್ನೆಲ್ ತನಗೆ ಹೇಳಿದಂತೆಯೇ ನಡೆದುಕೊಂಡಿದೆ ಎಂದು ಐದು ಜನ ಹಿರಿಯರು ಬರೆದು ಸಹಿ ಹಾಕಿದ್ದಾರೆ. ಆ ಐವರಲ್ಲಿ ಇಬ್ಬರಿಗೆ ಕರ್ನೆಲ್ ಎಂದರೇನೆಂದು ಇವತ್ತಿಗೂ ಗೊತ್ತಿಲ್ಲ, ಅದು ಬೇರೆ ಮಾತು.

ನಮ್ಮೂರು ಒಳಗುಂದಿ, ರಾಯಚೂರು ಸೀಮೆಯ ಒಂದು ಹಳೆಯ ಚಿನ್ನದ ಗಣಿಯ ಹೊಟ್ಟೆಯಲ್ಲಿದೆ. ಮೇಲೆ ಬೇಸಿಗೆ ಐವತ್ತೈದು ಡಿಗ್ರಿ ದಾಟತೊಡಗಿದ ಮೇಲೆ ಯುಗಾದಿಯಿಂದ ಜೂನಿನ ಮಿರಗದ ಮಳೆಯವರೆಗೆ ನಾವು ಕೆಳಗೇ ಇರುತ್ತೇವೆ. ಕೆಳಗಿನ ಬಂಡೆಯೂ ತಂಪಲ್ಲ, ಮುಟ್ಟಿದರೆ ಕೈ ಸುಡುತ್ತದೆ. ಆದರೆ ಫ್ಯಾನು ಮತ್ತು ತಣ್ಣೀರಿನ ಕೊಳವೆ ಇದ್ದರೆ ಬದುಕಬಹುದು. ಏಳು ಸುರಂಗಗಳ ಗೋಡೆಗೆ ಮುನ್ನೂರ ಹನ್ನೆರಡು ಉಕ್ಕಿನ ಪೆಟ್ಟಿಗೆಗಳನ್ನು ಜೋಡಿಸಿದ್ದೇವೆ. ಮನೆ, ಶಾಲೆ, ಗಿರಣಿ, ಕುರಿಹಟ್ಟಿ ಎಲ್ಲವೂ ಒಂದೇ ಅಳತೆಯ ಪೆಟ್ಟಿಗೆ. ತಂದು ಸಾಕೆಟ್ಟಿಗೆ ಸಿಕ್ಕಿಸಿದರೆ ಆಯಿತು, ಬೇಡವೆಂದರೆ ಕಿತ್ತರೆ ಆಯಿತು.

ಈ ಪೆಟ್ಟಿಗೆಗಳು ಗುಜರಿಯಿಂದ ತಂದವು. ತಾವು ಯಾರು, ತಮ್ಮೊಳಗೆ ಏನೇನಿದೆ ಎಂದು ತಾವಾಗಿ ಹೇಳಿಕೊಳ್ಳಲು ಇವಕ್ಕೆ ಬರುವುದಿಲ್ಲ. ಊರನ್ನು ನಡೆಸುವ ಕಂಪ್ಯೂಟರಿನ ತಿರುಳು, ಅಂದರೆ ಕರ್ನೆಲ್, ಹುಟ್ಟುಕುರುಡ. ಅದಕ್ಕೆ ಗೋಡೆಯೂ ಕಾಣದು, ಪೆಟ್ಟಿಗೆಯೂ ಕಾಣದು. ಹಾಗಾಗಿ ಅದು ಕಣ್ಣುಬಿಡುವ ಹೊತ್ತಿಗೆ, ಬೂಟ್ ಆಗುವಾಗ, ಯಾರಾದರೂ ಎಲ್ಲವನ್ನೂ ಬರೆದು ಕೈಗೆ ಕೊಡಬೇಕು. ಐದನೇ ಸುರಂಗ, ಹನ್ನೆರಡನೇ ಸಾಕೆಟ್ಟು: ಮನೆ. ಫ್ಯಾನು ಒಂದು, ನೀರಿನ ಕವಾಟ ಒಂದು, ದೀಪ ಎರಡು, ಬಾಗಿಲಿನ ಮೋಟಾರು ಒಂದು, ಜನ ನಾಲ್ಕು. ಮನೆ ಎಂದು ಬರೆದರೆ ಮನೆ ನೋಡಿಕೊಳ್ಳುವ ಪ್ರೋಗ್ರಾಮು, ಅಂದರೆ ಡ್ರೈವರ್, ಅದನ್ನು ವಹಿಸಿಕೊಳ್ಳುತ್ತದೆ, ಹಟ್ಟಿ ಎಂದರೆ ಹಟ್ಟಿಯದು. ಬರೆಯದೇ ಬಿಟ್ಟರೆ ಬೂಟ್ ಆದ ಸ್ವಲ್ಪ ಹೊತ್ತಿಗೆ, ಈ ಸಾಕೆಟ್ಟನ್ನು ಕೇಳುವವರು ಯಾರೂ ಇಲ್ಲವೆಂದು ಕರ್ನೆಲ್ ಅಲ್ಲಿಯ ಕರೆಂಟನ್ನು ತೆಗೆದುಬಿಡುತ್ತದೆ. ಈ ಪಟ್ಟಿ ಬರೆಯುವ ವಿವರಗಾರ ನಾನು, ಚೆನ್ನಮಲ್ಲಪ್ಪ. ಹತ್ತೊಂಬತ್ತು ವರ್ಷದ ಸರ್ವೀಸು.

ಯುಗಾದಿಯ ದಿನ ಬೇವುಬೆಲ್ಲ ಹಂಚಿದ ಮೇಲೆ ಬೇರೆ ಊರುಗಳಲ್ಲಿ ಪಂಚಾಂಗ ಓದುತ್ತಾರೆ. ನಮ್ಮಲ್ಲಿ ನಾನು ಪಟ್ಟಿ ಓದುತ್ತೇನೆ. ಮುನ್ನೂರ ಹನ್ನೆರಡನ್ನೂ, ಎಲ್ಲರ ಮುಂದೆ, ಗಟ್ಟಿಯಾಗಿ. ಯಾರೋ ಕಳ್ಳತನದಲ್ಲಿ ಎರಡು ಫ್ಯಾನು ಬರೆಸಿಕೊಂಡರೆಂದು ಹಿಂದೆ ಹೊಡೆದಾಟವಾಗಿ ಈ ಪದ್ಧತಿ ಬಂತು. ಓದಿ ಮುಗಿದ ಮೇಲೆ ಹಿರಿಯರಾದ ವಿರುಪಣ್ಣಗೌಡರು ಹೆಬ್ಬೆಟ್ಟು ಒತ್ತುತ್ತಾರೆ, ಕರ್ನೆಲ್ ಬೂಟ್ ಆಗುತ್ತದೆ. ಆಮೇಲೆ ಮುಂದಿನ ಯುಗಾದಿಯವರೆಗೆ ಅದರಲ್ಲಿ ಒಂದು ಚುಕ್ಕೆ ಬದಲಿಸುವಂತಿಲ್ಲ. ಬದಲಿಸಲೇಬೇಕೆಂದರೆ ಮತ್ತೆ ಇಡೀ ಪಟ್ಟಿ ಓದಬೇಕು, ಮತ್ತೆ ಹೆಬ್ಬೆಟ್ಟು ಬೇಕು, ಮತ್ತೆ ಬೂಟ್ ಆಗಬೇಕು. ಬೂಟ್ ಆಗುವ ಹನ್ನೊಂದು ನಿಮಿಷ ಊರಿನ ಅಷ್ಟೂ ಫ್ಯಾನು ನಿಲ್ಲುತ್ತವೆ.

ನನ್ನ ತಂಗಿ ಮಹಾನಂದಾ ಪೆಟ್ಟಿಗೆ ರಿಪೇರಿಯ ಮೆಕ್ಯಾನಿಕ್. ಅವಳಷ್ಟು ಚುರುಕಿನ ಕೈ ಊರಲ್ಲಿ ಇನ್ನೊಂದಿಲ್ಲ. ಅವಳು ಏಳನೇ ಸುರಂಗದ ಹುಲಗಪ್ಪನನ್ನು ಮದುವೆಯಾದಳು. ಏಳನೇ ಸುರಂಗದವರು ಊರಿನ ಹೊಲಸು ನೀರಿನ ಕಾಲುವೆ ತೆಗೆಯುವವರು. ಅವರ ಕೈಯಿಂದ ನಾವು ನೀರು ಕುಡಿಯುವುದಿಲ್ಲ. ಭೂಮಿಯೊಳಗೆ ಅಷ್ಟು ಆಳಕ್ಕೆ ಇಳಿಯುವಾಗ ಹೊಲ, ಗುಡಿ, ಸಂತೆ ಎಲ್ಲವನ್ನೂ ಮೇಲೆ ಬಿಟ್ಟು ಬಂದ ನಾವು ಇದೊಂದನ್ನು ಮಾತ್ರ ಜೋಪಾನವಾಗಿ ತಂದಿದ್ದೆವು. ಗಂಡಹೆಂಡತಿ ನಾಲ್ಕು ವರ್ಷ ದೂರದ ಯಾವುದೋ ವಿದ್ಯುತ್ ಸ್ಥಾವರದಲ್ಲಿ ದುಡಿದು, ಹೋದ ವರ್ಷ ಯುಗಾದಿಗೆ ಎಂಟು ದಿನ ಮುಂಚೆ ಮಗು ಬಂಗಾರಿಯನ್ನು ಎತ್ತಿಕೊಂಡು ವಾಪಸು ಬಂದರು. ಮಹಾನಂದಾ ತಾನೇ ಬೆಸುಗೆ ಹಾಕಿದ ಒಂದು ಹಳೆಯ ಪೆಟ್ಟಿಗೆಯನ್ನು ನಮ್ಮವರಿರುವ ಐದನೇ ಸುರಂಗದ ಹದಿನಾಲ್ಕನೇ ಸಾಕೆಟ್ಟಿಗೆ ಸಿಕ್ಕಿಸಿದಳು. ಅವತ್ತು ಸಂಜೆಯೇ ಗೌಡರು ನನ್ನನ್ನು ಕರೆಸಿದರು.

"ಯಾರ ಮೈಮ್ಯಾಲೂ ಕೈ ಹಾಕೂದು ಬ್ಯಾಡ ಚೆನ್ನಮಲ್ಲಪ್ಪ. ಬೈಯೂದೂ ಬ್ಯಾಡ. ಹದಿನಾಕು ಸುಮ್ನ ಬರೀಬ್ಯಾಡ, ಅಷ್ಟ."

"ಕೂಸು ಐತ್ರಿ ಗೌಡ್ರ," ಎಂದೆ.

"ನಾನೇನ್ ಕೊಲ್ಲಾಕ ಹೇಳೇನೇನು? ಬರೀಬ್ಯಾಡ ಅಂದೆ. ಮ್ಯಾಲ ಹೋಗೂ ಲಿಫ್ಟ್ ತೆರದ ಐತಿ."

ಮೇಲೆ ಹೋದರೆ ಏನಾಗುತ್ತದೆಂದು ಗೌಡರಿಗೂ ಗೊತ್ತು, ನನಗೂ ಗೊತ್ತು.

ನಾನು ಎರಡು ದಿನ ಯೋಚಿಸಿ ಒಂದು ಉಪಾಯ ಹುಡುಕಿದೆ. ಕರ್ನೆಲ್ ಕುರುಡ, ಹೇಳಿದ್ದನ್ನು ನಂಬುತ್ತದೆ. ಮನೆ ಎಂದು ಬರೆಯದೇ ಇದ್ದರಾಯಿತಲ್ಲ? ತಂಗಿಯನ್ನು ಮನೆಗೆ ಕರೆಸಿದೆ. ನನ್ನ ಹೆಂಡತಿ ಈರಮ್ಮ ಅವಳಿಗೆ ಚಹಾ ಕೊಟ್ಟಳು, ಕಾಗದದ ಕಪ್ಪಿನಲ್ಲಿ. ಹುಲಗಪ್ಪ ಮಗುವನ್ನು ಹೆಗಲಮೇಲೆ ಹಾಕಿಕೊಂಡು ಬಾಗಿಲಾಚೆ ನಿಂತಿದ್ದ. ಅವನು ಯಾವತ್ತೂ ಒಳಗೆ ಬರಲಿಲ್ಲ, ನಾನೂ ಬಾ ಎನ್ನಲಿಲ್ಲ.

"ಕುರಿಹಟ್ಟಿ ಅಂತ ಬರೀತೀ?" ಮಹಾನಂದಾ ಕಪ್ಪನ್ನು ಕೆಳಗಿಟ್ಟಳು.

"ಹೆಸರಿಗಷ್ಟ ಅದು. ಫ್ಯಾನ್ ತಿರುಗತೈತಿ, ನೀರು ಬರತೈತಿ. ಗೌಡ್ರನ್ನ ನಾ ಒಪ್ಪಿಸ್ತೀನಿ. ಹಟ್ಟಿ ಅಂದ್ರ ಅವ್ರೂ ಸುಮ್ಕಾಗ್ತಾರ."

"ನನ್ನ ಮಗಳನ್ನ ಕುರಿ ಅಂತ ಎಲ್ಲಾರ ಮುಂದ ಓದ್ತೀ."

"ಉಳೀಬೇಕಂದ್ರ ಏನ್ ಮಾಡೂಣು, ನೀನ ಹೇಳು."

ಹೊರಗಿನಿಂದ ಹುಲಗಪ್ಪನೇ ಹೇಳಿದ: "ಗಾಳಿ ಬರತೈತಿಲ್ರಿ ಸಾಹೇಬ್ರ? ಬರತೈತಂದ್ರ ಬರೀರಿ. ನಮ್ಮನ್ನ ಮಂದಿ ಏನೇನ್ ಅಂದಿಲ್ರಿ ಇಲ್ಲೀಮಟ?"

ಹಾಗೆ ಬರೆದೆ. ಯುಗಾದಿಯ ದಿನ "ಐದನೇ ಸುರಂಗ, ಹದಿನಾಲ್ಕು: ಕುರಿಹಟ್ಟಿ. ಕುರಿ ಮೂರು" ಎಂದು ಓದಿದಾಗ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನಿಂದ ಯಾರೋ ಬ್ಯಾ ಎಂದರು. ಗೌಡರು ಮೀಸೆಯಲ್ಲೇ ನಕ್ಕು ಹೆಬ್ಬೆಟ್ಟು ಒತ್ತಿದರು. ಬಹಿಷ್ಕಾರಕ್ಕಿಂತ ಇದೇ ಅವರಿಗೆ ಹೆಚ್ಚು ರುಚಿಸಿತೆಂದು ಕಾಣುತ್ತದೆ. ಮಹಾನಂದಾ ತಲೆ ಎತ್ತಿಕೊಂಡೇ ಕೂತಿದ್ದಳು. ನನಗೆ ನನ್ನ ಜಾಣತನದ ಬಗ್ಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಹಟ್ಟಿಯ ವಿವರದಲ್ಲಿ ಓದದೇ ಬಿಡುವ ಕೆಲವು ಒಳಸಾಲುಗಳಿವೆ. ಅದರಲ್ಲೊಂದು, ಕುರಿ ಕಾಯುವವರ ಹೆಸರು. ಖಾಲಿ ಬಿಟ್ಟರೆ ಕರ್ನೆಲ್ ಒಪ್ಪುವುದಿಲ್ಲ. ಹುಲಗಪ್ಪನ ಹೆಸರು ಹಾಕಿದರೆ ಅವನು ಅಲ್ಲಿಯ ನಿವಾಸಿಯಾಗಿಬಿಡುತ್ತಾನೆ. ಅದಕ್ಕೆ ನನ್ನ ಹೆಸರನ್ನೇ ಹಾಕಿದೆ, ಹಾಕಿ ಮರೆತೆ.

ಒಂದೂವರೆ ತಿಂಗಳು ಎಲ್ಲ ಸರಿಯಿತ್ತು. ಹಟ್ಟಿಯ ಡ್ರೈವರ್ ಮೂವತ್ತನಾಲ್ಕು ಡಿಗ್ರಿ ಇಡುತ್ತಿತ್ತು, ದಿನಕ್ಕೆ ಎರಡು ಸಲ ನೀರು ಬಿಡುತ್ತಿತ್ತು. ಮನೆಗಳಿಗೆ ಇಪ್ಪತ್ತೆಂಟು ಡಿಗ್ರಿ, ನಾಲ್ಕು ಸಲ ನೀರು. ಬಂಗಾರಿಗೆ ಮೈತುಂಬ ಬೆವರುಸಾಲೆ ಎದ್ದಿತ್ತು. ಮಕ್ಕಳು ಅವಳನ್ನು ಮರಿ ಎಂದು ಕರೆಯುತ್ತಿದ್ದರು, ಅವಳೂ ಕರೆದಾಗ ಓ ಎನ್ನುತ್ತಿದ್ದಳು. ಮಹಾನಂದಾಳನ್ನು ಮಾತ್ರ ಜನ ಎಂದಿನಂತೆ ಕರೆಯುತ್ತಿದ್ದರು, ಫ್ಯಾನು ಕೆಟ್ಟಾಗ.

ಮೇ ತಿಂಗಳ ಒಂದು ಮಧ್ಯಾಹ್ನ ಮೇಲೆ ಧೂಳಿನ ಬಿರುಗಾಳಿ ಎದ್ದಿತು. ಸೌರಫಲಕಗಳ ಮೇಲೆ ಮೊಣಕಾಲುದ್ದ ಮಣ್ಣು ಬಿತ್ತು. ಕಂಟ್ರೋಲ್ ರೂಮಿನಲ್ಲಿ ನಾನು ಮತ್ತು ಫ್ಯಾನುಗಳ ಉಸ್ತುವಾರಿ ನೋಡುವ ಖುತೇಜಾ ಇದ್ದೆವು. ಬ್ಯಾಟರಿ ಇಳಿಯುತ್ತಾ ಶೇಕಡಾ ಮೂವತ್ತಕ್ಕೆ ಬಂತು. ಕರ್ನೆಲ್ ತನಗೆ ಹೇಳಿಟ್ಟ ಕ್ರಮದಲ್ಲೇ ಒಂದೊಂದನ್ನು ಕೈಬಿಡತೊಡಗಿತು. ಮೊದಲು ಗಿರಣಿ, ಆಮೇಲೆ ಸುರಂಗದ ದೀಪ, ಆಮೇಲೆ ಕುರಿಹಟ್ಟಿಗಳು.

"ಸರ್," ಎಂದಳು ಖುತೇಜಾ, "ಹಟ್ಟಿ ಆರೂ ಬಂದಾದ್ವು. ಐದು ಖಾಲಿ ಅದಾವ್ರಿ. ಆರನೇದು ಖಾಲಿ ಇಲ್ಲ."

ಹಟ್ಟಿಯ ಡ್ರೈವರ್ ಬರೆದವರು ದಡ್ಡರಲ್ಲ. ಫ್ಯಾನು ನಿಂತರೆ ಕುರಿಗಳು ಗಾಬರಿಬಿದ್ದು ಸುರಂಗಕ್ಕೆ ನುಗ್ಗಿ ಜನರನ್ನು ತುಳಿಯುತ್ತವೆ. ಅದಕ್ಕೆ ಅದು ಮೊದಲು ಬಾಗಿಲು ಜಡಿಯುತ್ತದೆ, ಆಮೇಲೆ ಫ್ಯಾನು ನಿಲ್ಲಿಸುತ್ತದೆ, ಗಾಳಿಯ ಕವಾಟವನ್ನೂ ಮುಚ್ಚುತ್ತದೆ. ಐದು ನಿಮಿಷ ಮುಂಚೆ ಕಾಯುವವರ ಮನೆಯಲ್ಲಿ ಗಂಟೆ ಬಾರಿಸುತ್ತದೆ, ಅವರು ಬಂದು ಕುರಿ ಹೊಡೆದುಕೊಂಡು ಹೋಗಲಿ ಎಂದು. ಐದು ಹಟ್ಟಿಯವರೂ ಹಾಗೇ ಮಾಡಿದ್ದರು. ಆರನೆಯ ಗಂಟೆ ಹೋಗಿದ್ದು ನನ್ನ ಮನೆಗೆ. ಈರಮ್ಮನಿಗೆ ಫೋನು ಮಾಡಿದೆ.

"ಹೌದ್ರಿ, ಬಡಕೊಂತಿತ್ತು," ಎಂದಳು. "ನಿಮ್ಮ ಹಟ್ಟಿ, ನಿಮ್ಮ ಕುರಿ ಅಂತಿತ್ತು. ನಮಗೆಲ್ಲಿ ಕುರಿ ಅದಾವು ಅಂತ ಬಂದ್ ಮಾಡಿದೆ. ಯಾಕ್ರಿ?"

ಅವಳಿಗೆ ನಾನು ಹೇಳಿರಲಿಲ್ಲ. ಅವಳದೇನೂ ತಪ್ಪಿಲ್ಲ.

ಹೆಬ್ಬೆಟ್ಟಿಗಾಗಿ ಗೌಡರ ಮನೆಗೆ ಓಡಿದೆ. ಅಲ್ಲಿ ನಾನು ಎಣಿಸಿರದ ಒಂದು ಸಂಗತಿ ಇತ್ತು. ಗೌಡರ ಸೊಸೆ ಬಾಣಂತಿ. ಅವಳ ಕೋಣೆಯ ಫ್ಯಾನು ಕೆಟ್ಟು, ಅದನ್ನು ರಿಪೇರಿ ಮಾಡಲು ಏಣಿಯ ಮೇಲೆ ನಿಂತಿದ್ದವಳು ನನ್ನ ತಂಗಿ.

"ಗೌಡ್ರ, ಪಟ್ಟಿ ಬದ್ಲಿ ಮಾಡ್ಬೇಕ್ರಿ. ಮತ್ತ ಬೂಟ್ ಮಾಡ್ಬೇಕು. ಆರನೇ ಹಟ್ಟಿ ಬಾಗಲಾ ಜಡದೈತಿ," ಎಂದೆ.

ಏಣಿಯ ಮೇಲಿನಿಂದ ಮಹಾನಂದಾ ತಿರುಗಿದಳು. "ಯಾವ ಹಟ್ಟಿ ಅಣ್ಣಾ?"

ನಾನು ಗೌಡರ ಕಡೆಗೇ ನೋಡಿದೆ. ಅವಳು ಸ್ಪ್ಯಾನರನ್ನು ಕೈಯಲ್ಲೇ ಹಿಡಿದು ಏಣಿಯಿಂದ ಹಾರಿದಳು, ಕಾಲು ಉಳುಕಿದ್ದನ್ನೂ ಲೆಕ್ಕಿಸದೆ ಕುಂಟುತ್ತ ಓಡಿದಳು. ಅವಳು ಆಗಷ್ಟೇ ಜೋಡಿಸಿದ ಫ್ಯಾನು ಬಾಣಂತಿಯ ತಲೆಯ ಮೇಲೆ ಸೊಗಸಾಗಿ ತಿರುಗುತ್ತಿತ್ತು.

ಗೌಡರು ಕುರ್ಚಿ ಬಿಟ್ಟು ಏಳಲಿಲ್ಲ. "ಕುರಿ ಸಲುವಾಗಿ ಮುನ್ನೂರು ಮನಿ ಫ್ಯಾನ್ ನಿಂದರಸ್ಲೇನು? ಮನ್ಯಾಗ ಹಸಿ ಬಾಣಂತಿ ಅದಾಳ."

"ಹಂಗಲ್ರಿ ಗೌಡ್ರ, ಆ ಹಟ್ಟ್ಯಾಗ..."

"ಹಟ್ಟ್ಯಾಗ ಏನೈತಿ? ಬಾಯಿಬಿಟ್ಟು ಹೇಳು."

ಈಗ ಯೋಚಿಸಿದರೆ ಗೌಡರು ನನಗೊಂದು ದಾರಿ ಬಿಟ್ಟುಕೊಟ್ಟಿದ್ದರು ಅನ್ನಿಸುತ್ತದೆ. ಮಂದಿ ಅದಾರ ಎಂಬ ಎರಡು ಮಾತು ನಾನು ಹೇಳಿದ್ದರೆ ಅವರು ಏಳಲೇಬೇಕಿತ್ತು. ಆದರೆ ಹಾಗೆ ಹೇಳಿದರೆ, ಜನರಿರುವಲ್ಲಿ ಕುರಿ ಎಂದು ಬರೆದು ಊರಿನ ಮುಂದೆ ಸುಳ್ಳು ಓದಿದವನು ನಾನೆಂದು ಒಪ್ಪಿಕೊಂಡಂತೆ. ಸುಳ್ಳು ಓದಿದ ವಿವರಗಾರನ ಮನೆಯನ್ನೇ ಪಟ್ಟಿಯಿಂದ ತೆಗೆಯಬೇಕೆಂಬುದು ನಿಯಮ. ಈರಮ್ಮನ ನೆನಪಾಯಿತು, ನನ್ನ ಇಬ್ಬರು ಮಕ್ಕಳ ನೆನಪಾಯಿತು.

"ನಿಮಗ ಗೊತ್ತದ ಗೌಡ್ರ," ಎಂದೆ.

"ನನಗೇನೂ ಗೊತ್ತಿಲ್ಲಪಾ. ನೀ ಓದಿದ್ದು ಕೇಳೀನಿ, ಅಷ್ಟ. ಉಳಿದ ನಾಕು ಮಂದೀನ ಕರೀತೀನಿ, ಕುಂತು ಮಾತಾಡೂಣು."

ಉಳಿದ ನಾಲ್ವರು ಹಿರಿಯರು ಬಂದರು. ನೀರು ಕುಡಿದರು. ಬಿರುಗಾಳಿ ಇನ್ನೆಷ್ಟು ಹೊತ್ತಿರಬಹುದು ಎಂದು ಚರ್ಚೆ ಮಾಡಿದರು. ಒಬ್ಬರು, ಕುರಿ ಗಟ್ಟಿ ಜೀವ, ಸಂಜೆಯತನಕ ಏನಾಗುವುದಿಲ್ಲ ಎಂದರು. ಯಾರೂ ನಗಲಿಲ್ಲ, ಆದರೆ ಯಾರೂ ತಡೆಯಲೂ ಇಲ್ಲ. ನಾನು ಕೈಕಟ್ಟಿಕೊಂಡು ನಿಂತಿದ್ದೆ. ಹೀಗೆ ನಲವತ್ತು ನಿಮಿಷ ಹೋಯಿತು.

ಅಷ್ಟರಲ್ಲಿ ಧ್ವನಿವರ್ಧಕಗಳಲ್ಲಿ ಖುತೇಜಾಳ ದನಿ ಏಳೂ ಸುರಂಗಗಳಲ್ಲಿ ಕೇಳಿಸಿತು. "ಐದನೇ ಸುರಂಗ ಹದಿನಾಕನೇ ಪೆಟ್ಟಿಗ್ಯಾಗ ಮಂದಿ ಅದಾರ. ಹುಲಗಪ್ಪ ಅದಾನ. ಬಂಗಾರಿ ಅದಾಳ. ಮೂರು ವರ್ಷದ ಕೂಸೈತಿ. ಕೇಳಾಕತ್ತೀರಿಲ್ಲೋ?"

ನನಗೆ ಸಿಟ್ಟು ಬಂತು. ಅವಳ ಮೇಲೆ, ನನ್ನ ಮೇಲೆ ಅಲ್ಲ. ಇದನ್ನು ನಾನು ವಿಚಾರಣೆಯಲ್ಲಿ ಹೇಳಿಲ್ಲ.

ಗೌಡರು ಎದ್ದರು. ಬಹಿರಂಗವಾಗಿ ಕೇಳಿಸಿದ್ದನ್ನು ಕೇಳಿಲ್ಲವೆನ್ನಲು ಬರುವುದಿಲ್ಲ. ಕಂಟ್ರೋಲ್ ರೂಮಿನ ಮುಂದೆ ಊರೇ ಸೇರಿತ್ತು. ನಾನು ಹದಿನಾಲ್ಕನೇ ಸಾಲನ್ನು ಮನೆ ಎಂದು ತಿದ್ದಿದೆ. ಗೌಡರು ಹೆಬ್ಬೆಟ್ಟು ಮುಂದೆ ಚಾಚಿ ನಿಂತು, "ಹೂಂ, ಓದು," ಎಂದರು.

ನಾನು ಓದತೊಡಗಿದೆ. ಒಂದನೇ ಸುರಂಗ, ಒಂದು: ಮನೆ. ಫ್ಯಾನು ಒಂದು, ಕವಾಟ ಒಂದು, ದೀಪ ಎರಡು. ಒಂದನೇ ಸುರಂಗ, ಎರಡು: ಮನೆ. ಇಡೀ ಪಟ್ಟಿಗೆ ಮುಕ್ಕಾಲು ಗಂಟೆ ಬೇಕು. ಬಿಟ್ಟು ಓದು ಎಂದು ಒಬ್ಬರೂ ಹೇಳಲಿಲ್ಲ. ಓದದೇ ಹೆಬ್ಬೆಟ್ಟು ಒತ್ತಬಹುದೆಂಬುದು ಅಲ್ಲಿದ್ದ ಸಾವಿರ ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಕರ್ನೆಲ್ಲಿಗೆ ನಾವು ಓದುವುದು ಕೇಳಿಸುವುದೇ ಇಲ್ಲ, ಅದು ಹೆಬ್ಬೆಟ್ಟನ್ನು ಮಾತ್ರ ನೋಡುತ್ತದೆ. ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನೇ. ನನಗೂ ಹೊಳೆಯಲಿಲ್ಲ. ಮೂರನೇ ಸುರಂಗಕ್ಕೆ ಬರುವಾಗ ಖುತೇಜಾ ನನ್ನ ಅಂಗಿ ಹಿಡಿದು ಜಗ್ಗಿ "ಸಾಕ್ ಮಾಡ್ರಿ, ಒತ್ತಿಸ್ರಿ" ಎಂದು ಕೂಗಿದಳು. ಜನ ಅವಳನ್ನು ಹಿಂದಕ್ಕೆಳೆದರು. ನಡುವೆ ನಿಂತರೆ ಮತ್ತೆ ಮೊದಲಿನಿಂದ ಓದಬೇಕಾಗುತ್ತದೆಂದು ಒಬ್ಬ ಮುದುಕ ಎಚ್ಚರಿಸಿದ. ನಾನು ನಿಲ್ಲಿಸಲಿಲ್ಲ.

ಐದನೇ ಸುರಂಗದ ಕಡೆಯಿಂದ ಉಕ್ಕಿನ ಮೇಲೆ ಉಕ್ಕು ಬಡಿಯುವ ಸದ್ದು ಬರುತ್ತಿತ್ತು. ಮಹಾನಂದಾ, ಜೊತೆಗೆ ಏಳನೇ ಸುರಂಗದಿಂದ ಹಾರೆ ಹಿಡಿದು ಬಂದ ನಾಲ್ಕು ಜನ. ಟಗರಿನ ಗುದ್ದಿಗೂ ಜಗ್ಗದಂತೆ ಮಾಡಿದ ಅಗುಳಿ ಅದು. ಮೊದಲು ಒಳಗಿನಿಂದಲೂ ಬಡಿಯುತ್ತಿದ್ದರಂತೆ. ನಾನು ಆರನೇ ಸುರಂಗ ಓದುವ ಹೊತ್ತಿಗೆ ಹೊರಗಿನವರು ಮಾತ್ರ ಬಡಿಯುತ್ತಿದ್ದರು.

ಓದಿ ಮುಗಿಯಿತು. ಹೆಬ್ಬೆಟ್ಟು ಬಿತ್ತು. ಹನ್ನೊಂದು ನಿಮಿಷ ಊರೆಲ್ಲ ಉಸಿರು ಬಿಗಿಹಿಡಿದು ಬೆವರಿತು. ಬೂಟ್ ಆದ ಕೂಡಲೇ ಮನೆಯ ಡ್ರೈವರ್ ಹದಿನಾಲ್ಕನೇ ಪೆಟ್ಟಿಗೆಯನ್ನು ವಹಿಸಿಕೊಂಡಿತು. ಅದು ತುಂಬ ಮರ್ಯಾದಸ್ಥ ಡ್ರೈವರ್. ಮೊದಲು ದೀಪ ಹಾಕಿತು, ಆಮೇಲೆ ಫ್ಯಾನು, ಆಮೇಲೆ ಮೆಲ್ಲಗೆ ಬಾಗಿಲು ತೆರೆಯಿತು. ಹುಲಗಪ್ಪ ಬಾಗಿಲ ಬುಡದಲ್ಲಿದ್ದ. ಕೆಳಗಿನ ಬಿರುಕಿನಲ್ಲಿ ಚೂರು ಗಾಳಿ ಬರುತ್ತದೆಂದು ಮಗುವಿನ ಮೂಗನ್ನು ಅಲ್ಲಿಗೆ ಒತ್ತಿ ಹಿಡಿದಿದ್ದ. ಇಬ್ಬರೂ ಹೋಗಿದ್ದರು. ಬಿರುಗಾಳಿ ಅದಾಗಿ ಕಾಲು ಗಂಟೆಗೆ ತಾನಾಗಿ ನಿಂತಿತು.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ನನ್ನ ಸುಳ್ಳನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಅದನ್ನು ಕೇಳಿ ನಕ್ಕವರನ್ನೂ, ಹೆಬ್ಬೆಟ್ಟು ಒತ್ತಿದವರನ್ನೂ ಎತ್ತಬೇಕಾಗುತ್ತಿತ್ತು. ಖುತೇಜಾಳನ್ನು ಮಾತ್ರ ಅಪ್ಪಣೆಯಿಲ್ಲದೆ ಧ್ವನಿವರ್ಧಕ ಬಳಸಿದ್ದಕ್ಕೆ ಕೆಲಸದಿಂದ ತೆಗೆದರು.

ಈ ವರ್ಷದ ಯುಗಾದಿ ಬಂತು. ಗೌಡರು ಮತ್ತೆ ನನ್ನನ್ನು ಕರೆಸಿದರು. ಈ ಸಲ ಕೂರಿಸಿ ಪಾನಕ ಕೊಟ್ಟರು.

"ಆದದ್ದು ಆತು," ಎಂದರು. "ಅಡ್ಡಿ ಏನಿತ್ತು, ಅದು ಹೋತು. ಮಹಾನಂದಾ ನಮ್ಮ ಮನಿ ಮಗಳು. ಆಕೀದು ಮನಿ ಅಂತ ಬರಿ. ಇಪ್ಪತ್ತೆಂಟು ಡಿಗ್ರಿ, ನಾಕು ಸರ್ತಿ ನೀರು. ಯಾರೂ ಏನೂ ಅನ್ನಂಗಿಲ್ಲ."

ನನಗೆ ನಿಜಕ್ಕೂ ಸಂತೋಷವಾಯಿತು. ಪಟ್ಟಿಯಲ್ಲಿ ಆ ಸಾಲನ್ನು ಎಲ್ಲಕ್ಕಿಂತ ಮೊದಲು ಬರೆದೆ. ಸಭೆಯ ದಿನ ಐದನೇ ಸುರಂಗಕ್ಕೆ ಬಂದಾಗ ದನಿ ಸ್ವಲ್ಪ ಏರಿಸಿದೆ. "ಹದಿನಾಲ್ಕು: ಮನೆ. ಫ್ಯಾನು ಒಂದು, ಕವಾಟ ಒಂದು, ದೀಪ ಎರಡು, ಬಾಗಿಲಿನ ಮೋಟಾರು ಒಂದು. ಜನ ಒಂದು."

ಜನ ಮೆಚ್ಚುಗೆಯಿಂದ ತಲೆದೂಗಿದರು. ಮಹಾನಂದಾ ಎದ್ದು ನಿಂತಳು.

"ಹೋದ ವರ್ಷದ್ದೂ ಓದಣ್ಣಾ."

"ಮಹಾನಂದಾ, ಕುಂದ್ರು ತಂಗಿ. ನಡುವ ನಿಲ್ಲಿಸಬಾರ್ದು."

"ನಿಲ್ಲಿಸಿದ್ರ ಮತ್ತ ಮೊದ್ಲಿಂದ ಓದು, ನಿನಗೇನ್ ಅವಸರ ಐತಿ? ಹೋದ ವರ್ಷ ಹದಿನಾಕರಾಗ ಏನ್ ಬರದಿದ್ದಿ, ಓದು."

ಗೌಡರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಓದದೇ ಬೇರೆ ದಾರಿ ಇರಲಿಲ್ಲ.

"ಕುರಿಹಟ್ಟಿ," ಎಂದೆ. "ಕುರಿ ಮೂರು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಹೋದ ವರ್ಷದ ರೂಢಿಯಿಂದ ಬಾಯಿ ತಪ್ಪಿ ಬಂದ ನಗು. ಬಂದದ್ದೇ ತಡ ನಕ್ಕವರು ಬಾಯಿ ಮುಚ್ಚಿಕೊಂಡರು. ಮಹಾನಂದಾ ಆ ಕಡೆ ಒಂದು ಸಲ ನೋಡಿದಳು. ಆಮೇಲೆ ಸಭೆಯ ನಡುವಿನಿಂದ ನಡೆದು ಲಿಫ್ಟಿನ ಕಡೆ ಹೋದಳು. ಕೈಯಲ್ಲಿ ನೀರಿನ ಬಾಟಲಿಯೂ ಇರಲಿಲ್ಲ. ನಾನು ಅವಳ ಹಿಂದೆ ಹೋಗಬಹುದಿತ್ತು. ಐದನೇ ಸುರಂಗದ ಹದಿನೈದನೇ ಸಾಲಿನ ಮೇಲೆ ನನ್ನ ಬೆರಳಿತ್ತು. ಲಿಫ್ಟು ಮೇಲೆ ಹೋದ ಸದ್ದು ಕೇಳಿಸಿತು, ನಾನು ಓದುತ್ತಿದ್ದೆ. ಅರ್ಧ ಗಂಟೆಯ ಮೇಲೆ ಅದು ಖಾಲಿ ಇಳಿಯಿತು. ಹೊತ್ತು ಮುಳುಗಿದ ಮೇಲೆ ಇಬ್ಬರನ್ನು ಕಳಿಸಿ ಹುಡುಕಿಸಿದೆವು, ಸಿಗಲಿಲ್ಲ.

ಪಟ್ಟಿಗೆ ಹೆಬ್ಬೆಟ್ಟು ಬಿದ್ದಾಗಿದೆ, ಇನ್ನು ಮುಂದಿನ ಯುಗಾದಿಯವರೆಗೆ ತಿದ್ದುವಂತಿಲ್ಲ. ನಡುವೆ ಮತ್ತೊಮ್ಮೆ ಪೂರ್ತಿ ಓದುವ ಮಾತನ್ನು ಈಗ ಊರಿನಲ್ಲಿ ಯಾರೂ ಎತ್ತುವುದಿಲ್ಲ. ಹಾಗಾಗಿ ಹದಿನಾಲ್ಕನೇ ಪೆಟ್ಟಿಗೆಯಲ್ಲಿ ಫ್ಯಾನು ತಿರುಗುತ್ತಲೇ ಇದೆ. ದಿನಕ್ಕೆ ನಾಲ್ಕು ಸಲ ನೀರು ಬರುತ್ತದೆ. ಒಳಗೆ ಒಬ್ಬರಿದ್ದಾರೆಂದು ಕರ್ನೆಲ್ ನಂಬಿದೆ.

ನನ್ನ ಮನೆಯಲ್ಲಿ ಈ ಸಲ ಸೆಕೆ ಜಾಸ್ತಿ. ಹೆಂಡತಿಯ ತವರಿನವರೂ ಬಂದು ಸೇರಿಕೊಂಡಿದ್ದಾರೆ, ಕಾಲು ಚಾಚಲು ಜಾಗವಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾನು ಹದಿನಾಲ್ಕಕ್ಕೆ ಹೋಗಿ ಮಲಗುತ್ತೇನೆ. ಬಾಗಿಲ ಕೆಳಗೆ ಉಗುರಿನಿಂದ ಕೆರೆದ ಗೀರುಗಳಿವೆ, ಆ ಕಡೆ ಬೆನ್ನು ಮಾಡಿದರೆ ನಿದ್ದೆ ಚೆನ್ನಾಗಿ ಹತ್ತುತ್ತದೆ. ಮೊದಮೊದಲು ನನಗೇ ಅಸಹ್ಯವಾಗುತ್ತಿತ್ತು. ಈಗ ದಿಂಬನ್ನೂ ಅಲ್ಲೇ ಇಟ್ಟಿದ್ದೇನೆ.